ಬಾಡಿಗೆ ಮನೆಯ ಗೋಡೆಗೆ ಬಣ್ಣ ಹುಡುಕಿದ ದಿನಗಳು

ಆರು ವರ್ಷ ನಮ್ಮ ಮನೆಯಲ್ಲಿ ಬಾಡಿಗೆಗಿದ್ದವರು ಖಾಲಿ ಮಾಡಿದ ದಿನ. ಆ ಮನೆಯಾಕೆ ಬೀಗದ ಕೈ ನನ್ನ ಕೈಗೆ ಕೊಡುತ್ತಾ ಹೇಳಿದರು: "ಅಕ್ಕಾ, ಮನೆ ಎಲ್ಲಾ ಚೆನ್ನಾಗಿತ್ತು. ಹಾಲ್‌ನ ಗೋಡೆ ಬಣ್ಣ ಒಂದೇ ನಮಗೆ ಹಿಡಿಸಲಿಲ್ಲ. ಮುಂದೆ ಬರುವವರಿಗಾದರೂ ಬದಲಾಯಿಸಿ."

ಆ ಬಣ್ಣ ಆರಿಸಿದ್ದು ನಾನೇ. ಶೇಡ್ ಕಾರ್ಡಿನಲ್ಲಿ ಅದು ಒಳ್ಳೆ ತಿಳಿ ಬೂದು. ಬೂದು ಬಣ್ಣ ಯಾವ ಸಾಮಾನಿಗೂ ಹೊಂದುತ್ತದೆ, ಯಾರಿಗೂ ತೊಂದರೆ ಇಲ್ಲ ಅಂದುಕೊಂಡು ಹೊಡೆಸಿದ್ದೆ. ಅವರು ಆರು ವರ್ಷ ಅದರೊಳಗೆ ಬದುಕಿದರು. ಒಂದು ದಿನವೂ ದೂರಲಿಲ್ಲ. ಬೇರೆಯವರ ಮನೆ, ಹೇಗೆ ಹೇಳುವುದು ಅಂತ ಸುಮ್ಮನಿದ್ದಿರಬೇಕು. ಅದು ನನಗೆ ತುಂಬಾ ಚುಚ್ಚಿತು.

ಅವರು ಹೋದ ಮೇಲೆ ಖಾಲಿ ಹಾಲ್‌ನಲ್ಲಿ ಸ್ವಲ್ಪ ಹೊತ್ತು ಕೂತೆ. ಸಾಮಾನು ಇಲ್ಲದ ಗೋಡೆ ಬೇರೆಯೇ ಕಾಣುತ್ತದೆ. ಬೂದು ಎಲ್ಲಿತ್ತು? ಗೋಡೆ ನೇರಳೆಯಾಗಿತ್ತು. ಅದರಲ್ಲೂ ನೆಲಕ್ಕೆ ಹತ್ತಿರ ಬಂದಷ್ಟೂ ನೇರಳೆ ಜಾಸ್ತಿ. ನಮ್ಮ ಮನೆಯ ನೆಲದ ಟೈಲ್ಸ್ ಹಳದಿ ಮಿಶ್ರಿತ ಕಂದು. ಕೈಯಲ್ಲಿದ್ದ ಬಿಳಿ ಕಾಗದವನ್ನು ಟೈಲ್ಸ್ ಮೇಲೆ, ಗೋಡೆಗೆ ತಾಗಿಸಿ ಇಟ್ಟೆ. ಕಾಗದ ನೆಲವನ್ನು ಮುಚ್ಚಿದ ಜಾಗದಲ್ಲಿ ಗೋಡೆಯ ನೇರಳೆ ಸ್ವಲ್ಪ ಇಳಿಯಿತು. ಕಾಗದ ತೆಗೆದರೆ ಮತ್ತೆ ಏರಿತು. ನಾಲ್ಕೈದು ಸಲ ಹಾಗೇ ಇಟ್ಟು ತೆಗೆದು ನೋಡಿದೆ. ಗೋಡೆ ಅದೇ, ಬೆಳಕೂ ಅದೇ. ಪಕ್ಕದ ಬಣ್ಣ ಬದಲಾದರೆ ಕಣ್ಣಿಗೆ ಇದೂ ಬದಲಾಗುತ್ತಿತ್ತು.

ಇದು ಹಳೆಯ ಸಂಗತಿ. ಫ್ರಾನ್ಸಿನ ಗೋಬೆಲಿನ್ ಕಾರ್ಖಾನೆಯಲ್ಲಿ ಚಿತ್ರದ ಕಂಬಳಿಗಳನ್ನು ನೇಯುತ್ತಿದ್ದರು. ಅಲ್ಲಿ 1824ರಲ್ಲಿ ಬಣ್ಣದ ವಿಭಾಗ ವಹಿಸಿಕೊಂಡ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರೂಲ್ ಅವರಿಗೆ ಒಂದು ದೂರು ಬಂತು. ಕಪ್ಪು ದಾರ ಸಾಕಷ್ಟು ಕಪ್ಪಾಗಿಲ್ಲ ಅಂತ. ಅವರು ಪರೀಕ್ಷೆ ಮಾಡಿ ನೋಡಿದರೆ ದಾರದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳು ಆ ಕಪ್ಪನ್ನು ಕಳೆಗುಂದಿಸುತ್ತಿದ್ದವು. ಪ್ರತಿ ಬಣ್ಣವೂ ಪಕ್ಕದ್ದನ್ನು ತನ್ನ ಎದುರು ಬಣ್ಣದ ಕಡೆ ತಳ್ಳುತ್ತದೆ. ಹಳದಿಯ ಎದುರು ನೇರಳೆ, ಕೆಂಪಿನ ಎದುರು ಹಸಿರು. ಬೂದಿನಂಥ ಮೆದು ಬಣ್ಣಗಳು ಈ ತಳ್ಳಾಟಕ್ಕೆ ಬೇಗ ಸಿಕ್ಕಿಬೀಳುತ್ತವೆ. ನನ್ನ ಹಾಲ್‌ನಲ್ಲಿ ಆಗಿದ್ದೂ ಅದೇ.

ಆದರೆ ಅದೊಂದೇ ಕಾರಣವಲ್ಲ. ಅಟ್ಟದ ಮೂಲೆಯಲ್ಲಿ ಹಳೇ ಪೇಂಟ್ ಡಬ್ಬ ಸಿಕ್ಕಿತು. ಮುಚ್ಚಳದ ಮೇಲೆ ಬಣ್ಣ ಬೆರೆಸುವ ಯಂತ್ರ ಅಂಟಿಸಿದ ಚೀಟಿ ಇನ್ನೂ ಇತ್ತು. ಅಂಚು ಹರಿದಿದ್ದರೂ ಅಕ್ಷರ ಓದಬಹುದಿತ್ತು. ಬಿಳಿ ಬೇಸ್ ಪೇಂಟಿಗೆ ಏನೇನು ಎಷ್ಟೆಷ್ಟು ಹಾಕಿದ್ದಾರೆ ಅಂತ ಅದರಲ್ಲಿ ಬರೆದಿರುತ್ತದೆ. ಕಪ್ಪು ಇತ್ತು, ನೀಲಿ ಇತ್ತು, ಒಂದು ಚೂರು ಕೆಂಪು ಇತ್ತು. ಹಳದಿ ಒಂದು ಹನಿಯೂ ಇರಲಿಲ್ಲ. ನೀಲಿ ಮತ್ತು ಕೆಂಪು ಸೇರಿದರೆ ನೇರಳೆ ಅಲ್ವಾ? ನಾನು ಬೂದು ಅಂತ ಕರೆದಿದ್ದರ ಒಳಗೇ ನೇರಳೆ ಕೂತಿತ್ತು. ನೆಲದ ಹಳದಿ ಅದನ್ನು ಎತ್ತಿ ತೋರಿಸಿತು, ಅಷ್ಟೆ.

ಆ ಚೀಟಿ ಓದಿದ ಮೇಲೆ ಬಣ್ಣ ನೋಡುವ ನನ್ನ ಕಣ್ಣೇ ಬದಲಾಯಿತು. ಗೋಡೆಗೆ ಬಳಿಯುವ ಆಫ್ ವೈಟ್, ಕ್ರೀಮ್, ಬೂದು ಎಲ್ಲವೂ ಬಿಳಿ ಬೇಸ್ ಪೇಂಟಿಗೆ ಕೆಲವು ಹನಿ ಬಣ್ಣ ಸೇರಿಸಿ ಮಾಡಿದವು. ಆ ಬಿಳಿ ಬರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿಯಿಂದ. ಮೇಲೆ ಬೀಳುವ ಹನಿಗಳು ಕಪ್ಪು, ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಇಂಥವು. ಆ ನಾಲ್ಕು ಹನಿಯಲ್ಲೇ ಬಣ್ಣದ ಗುಣ ಇರುತ್ತದೆ. ನಮ್ಮ ಪೇಂಟರ್ ಅಣ್ಣ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಇದು ಏನು ಹೊಡೆಯುತ್ತೆ ನೋಡಿ ಮೇಡಂ." ಅಂದರೆ ಒಳಗಿಂದ ಯಾವ ಬಣ್ಣದ ಛಾಯೆ ಇಣುಕುತ್ತದೆ ಅಂತ. ಹಸಿರು ಹೊಡೆಯುತ್ತೆ, ಗುಲಾಬಿ ಹೊಡೆಯುತ್ತೆ, ಹಳದಿ ಹೊಡೆಯುತ್ತೆ. ಏನೂ ಹೊಡೆಯದ ತಿಳಿ ಬಣ್ಣ ಸಿಗುವುದು ತೀರಾ ಅಪರೂಪ.

ಶೇಡ್ ಕಾರ್ಡಿನಿಂದ ಹನ್ನೊಂದು ತಿಳಿ ಬಣ್ಣ ಆರಿಸಿ ಮನೆಗೆ ತಂದೆ. ಅಂಗಡಿಯ ದೀಪದಲ್ಲಿ ಹನ್ನೊಂದೂ ಒಂದೇ ಥರ ಕಂಡಿದ್ದವು. ಮನೆಗೆ ಬಂದು ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿದೆ. ಆಗ ಬೇರೆಬೇರೆಯಾದವು. ಒಂದು ಗುಲಾಬಿ, ಇನ್ನೊಂದು ಹಸಿರು, ಮತ್ತೊಂದು ಸಣ್ಣಗೆ ನೀಲಿ. ಒಂಟಿಯಾಗಿ ನೋಡಿದರೆ ಗೊತ್ತಾಗದ್ದು ಜೊತೆಯಲ್ಲಿಟ್ಟರೆ ಗೊತ್ತಾಗುತ್ತದೆ. ಇನ್ನೊಂದು ಉಪಾಯವೂ ಕೆಲಸಕ್ಕೆ ಬಂತು. ಕಾರ್ಡಿನ ಒಂದೇ ಪಟ್ಟಿಯಲ್ಲಿ ತಿಳಿಯಿಂದ ಗಾಢದವರೆಗೆ ಆರೇಳು ಬಣ್ಣ ಇರುತ್ತವಲ್ಲ, ಅದರ ಕೊನೆಯ ಗಾಢ ಬಣ್ಣ ನೋಡಬೇಕು. ಸಾಮಾನ್ಯವಾಗಿ ತಿಳಿ ಬಣ್ಣದ ಒಳಗೆ ಅಡಗಿದ್ದು ಅಲ್ಲಿ ಬಾಯಿಬಿಡುತ್ತದೆ. ನಾನು "ಕೆನೆ" ಅಂದುಕೊಂಡಿದ್ದ ಒಂದರ ಪಟ್ಟಿಯ ಕೊನೆಯಲ್ಲಿ ಕಡು ಪಾಚಿ ಬಣ್ಣ ಇತ್ತು.

ಕಾರ್ಡಿನ ಹಿಂದೆ ಇನ್ನೊಂದು ಅಂಕಿ ಇರುತ್ತದೆ, ಎಲ್‌ಆರ್‌ವಿ ಅಂತ. ಆ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಕ್ಕೆ ಕೊಡುತ್ತದೆ ಅನ್ನುವ ಲೆಕ್ಕ. ಶುದ್ಧ ಕಪ್ಪಿಗೆ 0, ಶುದ್ಧ ಬಿಳಿಗೆ 100. ನಮ್ಮ ಹಳೇ ಬೂದಿಗೆ 48 ಇತ್ತು. ಅಂದರೆ ಕಿಟಕಿಯಿಂದ ಬಂದ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗೋಡೆಯೇ ನುಂಗುತ್ತಿತ್ತು. ಆ ಮನೆಯಲ್ಲಿ ಹಾಲ್‌ನಿಂದ ರೂಮುಗಳಿಗೆ ಹೋಗುವ ಓಣಿಗೆ ಕಿಟಕಿಯೇ ಇಲ್ಲ. ಆರು ವರ್ಷ ಅವರು ಅಲ್ಲಿ ಹಗಲಲ್ಲೂ ಲೈಟ್ ಹಾಕಿಕೊಂಡೇ ಓಡಾಡಿದ್ದು ನೆನಪಾಯಿತು. 70ಕ್ಕಿಂತ ಕೆಳಗಿರುವ ಎಲ್ಲವನ್ನೂ ಪಕ್ಕಕ್ಕಿಟ್ಟೆ. ಹನ್ನೊಂದರಲ್ಲಿ ಐದು ಉಳಿದವು. ಹಳೇ ಬೂದಿನ ಥರ ನೀಲಿ ಹೊಡೆಯುತ್ತಿದ್ದ ಎರಡನ್ನು ಅವತ್ತೇ ಕೈಬಿಟ್ಟೆ. ಕೊನೆಗೆ ಉಳಿದದ್ದು ಮೂರು.

ಆ ಮೂರಕ್ಕೂ ಸಣ್ಣ ಸ್ಯಾಂಪಲ್ ಡಬ್ಬ ತಂದೆ. ನೇರವಾಗಿ ಗೋಡೆಗೆ ಬಳಿಯಲಿಲ್ಲ. ಹಳೇ ನೇರಳೆಯ ನಡುವೆ ಹೊಸ ಬಣ್ಣದ ತೇಪೆ ಹಾಕಿದರೆ ಮತ್ತೆ ಅದೇ ಮೋಸ ಆಗುತ್ತದೆ. ಎರಡು ಅಡಿ ಅಗಲದ ದಪ್ಪ ಬಿಳಿ ರಟ್ಟು ತಂದು, ಪ್ರತಿಯೊಂದಕ್ಕೂ ಎರಡು ಕೋಟ್ ಬಳಿದೆ. ಸುತ್ತಲೂ ಎರಡು ಬೆರಳಷ್ಟು ಬಿಳಿ ಅಂಚು ಬಿಟ್ಟೆ. ರಟ್ಟಿನ ಒಳ್ಳೆಯತನ ಏನೆಂದರೆ ಅದನ್ನು ಎತ್ತಿಕೊಂಡು ಮನೆಯೆಲ್ಲಾ ತಿರುಗಬಹುದು. ಮಲಗಿಸಿ ನೋಡಬಾರದು, ಗೋಡೆಗೆ ಒರಗಿಸಿ ನಿಲ್ಲಿಸಿಯೇ ನೋಡಬೇಕು. ನೆಲದ ಮೇಲೆ ಬೀಳುವ ಬೆಳಕು ಬೇರೆ, ಗೋಡೆ ಮೇಲೆ ಬೀಳುವ ಬೆಳಕು ಬೇರೆ.

ನಾಲ್ಕು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಆ ಮನೆಗೆ ಹೋದೆ. ತಂಗಿ ಜೊತೆಗೆ ಬಂದಳು. ಅವಳ ಕಣ್ಣು ನನಗಿಂತ ಸೂಕ್ಷ್ಮ. ಬಿಸಿಲು ನೇರವಾಗಿ ಬೀಳದ ಹಿಂದಿನ ರೂಮಿನಲ್ಲಿ ಬರುವುದು ಬರೀ ಆಕಾಶದ ಬೆಳಕು. ಅದು ನೀಲಿ ಕಡೆಯದು. ಅಲ್ಲಿ ಎರಡನೇ ರಟ್ಟು, ಅಂದರೆ ತಿಳಿ ಬೂದು, ತಣ್ಣಗೆ ಕಾಣುತ್ತಿತ್ತು. ಪಡುವಣ ಕಿಟಕಿಯ ರೂಮಿನಲ್ಲಿ ಸಂಜೆ ಐದರ ಬಿಸಿಲು ಬಿದ್ದಾಗ ಮೊದಲ ರಟ್ಟಿನ ಕ್ರೀಮ್ ಬಣ್ಣ ಹಣ್ಣಾದ ಎಲೆಯಷ್ಟು ಹಳದಿಯಾಯಿತು.

ಬಲ್ಬುಗಳ ವಿಷಯಕ್ಕೆ ಒಂದಿಡೀ ಸಂಜೆ ಕೊಟ್ಟೆ. ನಮ್ಮ ಸ್ವಂತಕ್ಕೆ ಇರುವ ಮನೆಯಾದರೆ ಬಲ್ಬು ಯಾವುದು ಅಂತ ನಮಗೇ ಗೊತ್ತಿರುತ್ತದೆ. ಬಾಡಿಗೆ ಮನೆಯಲ್ಲಿ ಅದು ಬರುವವರ ಇಷ್ಟ. ಕೆಲವರಿಗೆ 2700 ಕೆಲ್ವಿನ್‌ನ ಹಳದಿ ಬೆಳಕು ಬೇಕು, ಕೆಲವರಿಗೆ 6500 ಕೆಲ್ವಿನ್‌ನ ಬೆಳ್ಳಗಿನ ಬೆಳಕೇ ಬೇಕು. ಎರಡೂ ಬಲ್ಬು ಒಯ್ದು, ಒಂದಾದ ಮೇಲೊಂದು ಹಾಕಿ, ಮೂರೂ ರಟ್ಟು ನೋಡಿದೆವು. ಹಳದಿ ಬಲ್ಬಿನಲ್ಲಿ ಕ್ರೀಮ್ ಇನ್ನಷ್ಟು ಹಳದಿಯಾಯಿತು. ಬಿಳಿ ಬಲ್ಬಿನಲ್ಲಿ ಬೂದು ಹಸಿರು ಹೊಡೆಯಿತು. ಮೂರನೆಯದು ಎರಡರಲ್ಲೂ ಸ್ವಲ್ಪ ಬದಲಾಯಿತು, ಆದರೆ ತನ್ನತನ ಬಿಡಲಿಲ್ಲ.

ಆಮೇಲೆ ತಂಗಿ ಕೇಳಿದಳು: "ಅಕ್ಕಾ, ಬರುವವರ ಸೋಫಾ ಯಾವ ಬಣ್ಣದ್ದೋ, ಪರದೆ ಯಾವುದೋ. ಅದನ್ನೂ ನೋಡಬೇಕಲ್ವಾ?"

ಅವಳು ಕೇಳಿದ್ದು ಸರಿಯಾಗಿತ್ತು. ತಟಸ್ಥ ಬಣ್ಣ ಅಂತ ನಾವು ಹುಡುಕುವುದೇ ಅದಕ್ಕೆ. ನಮಗೆ ಗೊತ್ತಿಲ್ಲದವರು ನಮಗೆ ಗೊತ್ತಿಲ್ಲದ ಸಾಮಾನು ತರುತ್ತಾರೆ. ಅದರ ಪಕ್ಕದಲ್ಲಿ ಗೋಡೆ ಜಗಳ ಆಡಬಾರದು. ಮರುದಿನ ಮನೆಯಿಂದ ಒಂದು ಮರೂನ್ ಬೆಡ್‌ಶೀಟು, ಕಡು ಹಸಿರು ಪರದೆ, ನೀಲಿ ಪ್ಲಾಸ್ಟಿಕ್ ಕುರ್ಚಿ, ತೇಗದ ಬಣ್ಣದ ಸಣ್ಣ ಮೇಜು ಸಾಗಿಸಿದೆವು. ಒಂದೊಂದನ್ನೂ ಪ್ರತಿ ರಟ್ಟಿನ ಪಕ್ಕ ಇಟ್ಟೆವು. ಮರೂನ್ ಬೆಡ್‌ಶೀಟಿನ ಪಕ್ಕದಲ್ಲಿ ಎರಡನೇ ರಟ್ಟಿನ ಬೂದು ಪಾಚಿಗಟ್ಟಿದ ಹಾಗೆ ಹಸಿರಾಯಿತು. ಶೆವ್ರೂಲ್ ಹೇಳಿದ್ದು ನಮ್ಮ ಕಣ್ಣೆದುರೇ ನಡೆಯಿತು. ಅದನ್ನು ಅಲ್ಲಿಗೇ ಬಿಟ್ಟೆವು. ನೀಲಿ ಕುರ್ಚಿಯ ಪಕ್ಕ ಕ್ರೀಮ್ ಹಳೇ ಕಾಗದದಂತೆ ಕಂಡಿತು. ಅದೂ ಹೋಯಿತು.

ಮೂರನೆಯದು ಕೆನೆಯೂ ಅಲ್ಲದ, ಬೂದೂ ಅಲ್ಲದ ಬಣ್ಣ. ಒಣಗಿದ ಮಣ್ಣಿನ ಗೋಡೆಗೆ ತೆಳುವಾಗಿ ಸುಣ್ಣ ಹೊಡೆದ ಹಾಗೆ. ಎಲ್‌ಆರ್‌ವಿ 74. ಚೀಟಿಯಲ್ಲಿ ಹಳದಿ ಆಕ್ಸೈಡ್, ಕಪ್ಪು, ಚೂರೇ ಚೂರು ಕೆಂಪು ಆಕ್ಸೈಡ್. ನೀಲಿ ಇಲ್ಲ. ನೆಲದ ಟೈಲ್ಸ್ ಪಕ್ಕ ನಿಲ್ಲಿಸಿದಾಗ ಎರಡೂ ಒಂದೇ ಮನೆಯವರಂತೆ ಕಂಡವು. ಟೈಲ್ಸ್‌ನಲ್ಲೂ ಹಳದಿ, ಗೋಡೆಯಲ್ಲೂ ಅದರದೇ ಒಂದು ಎಳೆ. ನೆಲ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಗೋಡೆಯೇ ನೆಲದ ಮಾತು ಕೇಳಬೇಕು. ಆರು ವರ್ಷದ ಹಿಂದೆ ನಾನು ನೆಲದ ಕಡೆ ನೋಡಿರಲೇ ಇಲ್ಲ.

ಪೇಂಟರ್ ಅಣ್ಣನಿಗೆ ರಟ್ಟು ತೋರಿಸಿದೆ. ಅವರು ಹಿಡಿದು, ದೂರ ಇಟ್ಟು, ಹತ್ತಿರ ತಂದು ನೋಡಿದರು. "ಬಣ್ಣ ಒಪ್ಪಿದೆ ಮೇಡಂ. ಆದರೆ ನಾಲ್ಕೂ ಗೋಡೆಗೆ ಬಿದ್ದ ಮೇಲೆ ಇದಕ್ಕಿಂತ ಒಂದು ಮೆಟ್ಟಿಲು ಜಾಸ್ತಿ ಕಾಣುತ್ತೆ, ತಿಳಿದಿರಲಿ," ಅಂದರು. ನಿಜ. ಒಂದು ಗೋಡೆಗೆ ಬಡಿದ ಬೆಳಕು ಅದರ ಬಣ್ಣ ಹೊತ್ತು ಎದುರಿನ ಗೋಡೆಗೆ ಹೋಗುತ್ತದೆ, ಅಲ್ಲಿಂದ ವಾಪಸ್ ಬರುತ್ತದೆ. ಬಣ್ಣ ತನ್ನನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ. ಅದಕ್ಕೇ ಸೀಲಿಂಗಿಗೆ ಬರೀ ಬಿಳಿ ಸಾಕು ಅಂದೆವು.

ಹೊಳಪು ಎಷ್ಟಿರಬೇಕು ಅನ್ನುವುದರಲ್ಲಿ ನಾನು ಅವರ ಮಾತು ಕೇಳಿದೆ, ಅದು ಒಳ್ಳೆಯದೇ ಆಯಿತು. ಒರೆಸಲು ಸುಲಭ ಅಂತ ನಾನು ಎಲ್ಲಾ ಕಡೆ ಹೊಳಪಿನ ಪೇಂಟೇ ಬೇಕು ಅಂದಿದ್ದೆ. ಅವರು ಮಾತಾಡದೆ ಮೊಬೈಲಿನ ಟಾರ್ಚ್ ಹಚ್ಚಿ ಗೋಡೆಗೆ ತಾಗಿಸಿ ಅಡ್ಡಲಾಗಿ ಹಿಡಿದರು. ನುಣ್ಣಗಿದೆ ಅಂದುಕೊಂಡಿದ್ದ ಗೋಡೆಯಲ್ಲಿ ಪುಟ್ಟಿಯ ಉಬ್ಬು, ತಗ್ಗು, ಮೊಳೆ ಕಿತ್ತು ಮುಚ್ಚಿದ ಗುಳಿ ಎಲ್ಲಾ ಎದ್ದು ನಿಂತವು. "ಕಿಟಕಿ ಬೆಳಕು ಹೀಗೇ ಅಡ್ಡ ಬರುತ್ತೆ ಮೇಡಂ. ಹೊಳಪು ಇದ್ದಷ್ಟೂ ಇದೆಲ್ಲಾ ಕಾಣುತ್ತೆ. ನಾಳೆ ಒಂದು ಕಡೆ ಟಚ್ ಅಪ್ ಮಾಡಿದರೆ ಆ ತೇಪೆಯೂ ಹೊಳೆಯುತ್ತೆ." ಹೊಳಪಿಲ್ಲದ ಮ್ಯಾಟ್ ಪೇಂಟಿನಲ್ಲಿ ತೇಪೆ ಸುಲಭವಾಗಿ ಬೆರೆಯುತ್ತದೆ. ಆದರೆ ಮ್ಯಾಟ್ ಗೋಡೆಯನ್ನು ಜೋರಾಗಿ ಉಜ್ಜಿದರೆ ಉಜ್ಜಿದ ಜಾಗ ಹೊಳೆಯತೊಡಗುತ್ತದೆ. ಕೊನೆಗೆ ಹಾಲ್ ಮತ್ತು ರೂಮುಗಳಿಗೆ ಒರೆಸಬಹುದಾದ ಮ್ಯಾಟ್, ಕೈ ತಾಗುವ ಓಣಿಗೆ ಮತ್ತು ಅಡುಗೆಮನೆಗೆ ಅದೇ ಬಣ್ಣದಲ್ಲಿ ಮಂದ ಹೊಳಪಿನದು ಅಂತ ತೀರ್ಮಾನ ಆಯಿತು. ಬಾಗಿಲು, ಕಿಟಕಿಗಳ ಮರದ ಬಣ್ಣ ಚೆನ್ನಾಗಿತ್ತು, ಹಾಗೇ ಬಿಟ್ಟೆವು.

ಲೆಕ್ಕ ಹಾಕಿದೆವು. ಹಾಲ್ ಮತ್ತು ಎರಡು ರೂಮಿನ ಗೋಡೆಗಳು ಬಾಗಿಲು, ಕಿಟಕಿ ಕಳೆದು ಸುಮಾರು 1,120 ಚದರ ಅಡಿ. ನಾವು ತಂದ ಪೇಂಟ್ ಲೀಟರಿಗೆ ಒಂದು ಕೋಟ್‌ನಲ್ಲಿ 100ರಿಂದ 120 ಚದರ ಅಡಿ ಬರುತ್ತದೆ ಅಂತ ಡಬ್ಬದ ಮೇಲಿತ್ತು. ಎರಡು ಕೋಟ್‌ಗೆ 20 ಲೀಟರ್ ಮೇಲಾಯಿತು. 20 ಲೀಟರಿನ ಒಂದು ಬಕೆಟ್, 4 ಲೀಟರಿನ ಒಂದು ಡಬ್ಬ ತಂದೆವು. ಒಂದೇ ಕೋಡ್ ಇದ್ದರೂ ಎರಡು ಡಬ್ಬದ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಬರಬಹುದು. ಒಂದು ಗೋಡೆಯ ಮಧ್ಯದಲ್ಲಿ ಡಬ್ಬ ಬದಲಾದರೆ ಅದು ಗೆರೆಯಾಗಿ ಕಾಣುತ್ತದೆ. ಅದಕ್ಕೆ ಅಣ್ಣ ದೊಡ್ಡ ಡ್ರಮ್ಮಿಗೆ ಎರಡನ್ನೂ ಸುರಿದು ಚೆನ್ನಾಗಿ ಕಲಸಿಕೊಂಡರು.

ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹೊಡೆಯುವ ದಿನ ಒಂದು ಸಂಗತಿ ನಡೆಯಿತು. ಒಳರೂಮಿನ ಬಾಗಿಲ ಪಕ್ಕ ಅಣ್ಣ ಉಪ್ಪು ಕಾಗದ ಹಿಡಿದು ನಿಂತಿದ್ದರು, ಉಜ್ಜುತ್ತಿರಲಿಲ್ಲ. "ಮೇಡಂ, ಇದನ್ನ ತೆಗೆಯಲಾ?" ಗೋಡೆ ಮೇಲೆ ಪೆನ್ಸಿಲ್ ಗೆರೆಗಳು. ಹೋದವರ ಇಬ್ಬರು ಮಕ್ಕಳ ಎತ್ತರ. ಪ್ರತಿ ಗೆರೆಯ ಪಕ್ಕ ತಾರೀಖು. ಮೊದಲನೆಯದು ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಕೊನೆಯದು ಹೆಚ್ಚುಕಡಿಮೆ ಭುಜದ ಹತ್ತಿರ. ಅವರು ಅದನ್ನು ಅಳಿಸಿ ಹೋಗಲು ಮರೆತಿದ್ದರೋ, ಮನಸ್ಸು ಬರಲಿಲ್ಲವೋ. ಒಂದು ಟೇಪು ಗೋಡೆಗೆ ನಿಲ್ಲಿಸಿ ಹಿಡಿದು, ಅಳತೆಯೂ ಕಾಣುವ ಹಾಗೆ ಫೋಟೋ ತೆಗೆದು ಅವರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಆಕೆ ಜಾಸ್ತಿ ಮಾತಾಡಲಿಲ್ಲ. "ಹೊಸ ಮನೆ ಗೋಡೆ ಮೇಲೆ ಇವತ್ತೇ ಬರೆದುಕೊಳ್ಳುತ್ತೀವಿ ಅಕ್ಕಾ," ಅಂದರು. ಆಮೇಲೆ ಅಣ್ಣ ಕೆಲಸ ಮುಂದುವರಿಸಿದರು.

ಪ್ರೈಮರ್ ಬೇಕೇ ಬೇಕಿತ್ತು. ಆ ನೇರಳೆಯ ಮೇಲೆ ನೇರವಾಗಿ ತಿಳಿ ಬಣ್ಣ ಹೊಡೆದಿದ್ದರೆ ಎರಡು ಕೋಟ್ ಆದಮೇಲೂ ಅದು ಕೆಳಗಿನಿಂದ ಇಣುಕುತ್ತಿತ್ತು.

ಮೊದಲ ಕೋಟ್ ಬಿದ್ದಾಗ ನನ್ನ ಎದೆ ಧಸಕ್ ಎಂದಿತು. ರೋಲರ್ ಹೋದ ಹಾದಿಯೆಲ್ಲಾ ಬರೀ ಬಿಳಿ. ರಟ್ಟಿನ ಬಣ್ಣ ಎಲ್ಲೂ ಇಲ್ಲ. ಬೇರೆ ಬಣ್ಣ ಬೆರೆಸಿಕೊಟ್ಟರಾ ಅಂತ ಚೀಟಿ ಮತ್ತೆ ಓದಿದೆ. "ಒಣಗಲಿ ಮೇಡಂ," ಅಂದರು ಅಣ್ಣ. ಎಮಲ್ಷನ್, ಅಂದರೆ ನೀರು ಬೆರೆತ ಈ ಗೋಡೆ ಪೇಂಟ್, ಹಸಿಯಾಗಿದ್ದಾಗ ಅದರಲ್ಲಿರುವ ಅಂಟಿನ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಾ ಬೆಳ್ಳಗೆ ಕಾಣುತ್ತವೆ. ನೀರು ಆರಿದ ಮೇಲೆ ಅವು ಒಂದಕ್ಕೊಂದು ಬೆಸೆದು ತಿಳಿಯಾದ ಪೊರೆ ಆಗುತ್ತವೆ. ಆಗ ನಿಜವಾದ ಬಣ್ಣ ಕಾಣುತ್ತದೆ, ಸಾಮಾನ್ಯವಾಗಿ ಒಂದು ಎಳೆ ಗಾಢವಾಗಿಯೇ. ಕಿಟಕಿ ತೆರೆದಿಟ್ಟು ಕಾದೆ. ಬೇಗ ಒಣಗಿದ ಅಂಚುಗಳಲ್ಲಿ ಮೊದಲು ಬಣ್ಣ ಬಂತು, ಆಮೇಲೆ ಮಧ್ಯಕ್ಕೆ ಹರಡಿತು. ಒಂದೂವರೆ ಗಂಟೆ ಕಳೆದ ಮೇಲೆ ರಟ್ಟು ತಂದು ಗೋಡೆಗೆ ಒತ್ತಿ ಹಿಡಿದೆ. ಬಿಳಿ ಅಂಚು ಇಲ್ಲದಿದ್ದರೆ ರಟ್ಟು ಎಲ್ಲಿ ಮುಗಿಯಿತು ಅಂತ ಹೇಳಲು ಕಷ್ಟವಾಗುತ್ತಿತ್ತು. ಎರಡನೇ ಕೋಟ್ ಮರುದಿನ.

ಕೆಲಸ ಮುಗಿದ ಸಂಜೆ ಓಣಿಯಲ್ಲಿ ಲೈಟ್ ಹಾಕದೆ ನಿಂತೆ. ಹಾಲ್‌ನ ಕಿಟಕಿಯ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಅಲ್ಲಿಯವರೆಗೆ ಬಂದಿತ್ತು. ಪುಸ್ತಕ ಓದುವಷ್ಟಲ್ಲ. ಆದರೆ ಗೋಡೆ ತಡಕದೆ ನಡೆದು ಹೋಗುವಷ್ಟು ಇತ್ತು.

ಮ್ಯಾಟ್ ಪೇಂಟ್ ಒಂದೂವರೆ ಲೀಟರಿನಷ್ಟು ಉಳಿಯಿತು. ಅರ್ಧ ಖಾಲಿ ಡಬ್ಬದಲ್ಲಿ ಬಿಟ್ಟರೆ ಒಳಗಿನ ಗಾಳಿಗೆ ಕೆನೆಗಟ್ಟುತ್ತದೆ ಅಂತ, ಬಾಯಿತನಕ ತುಂಬುವ ಎರಡು ಸಣ್ಣ ಡಬ್ಬಗಳಿಗೆ ಸುರಿದು ಬಿಗಿಯಾಗಿ ಮುಚ್ಚಿದೆ. ಮುಚ್ಚಳದ ಮೇಲೆ ಬಣ್ಣದ ಕೋಡ್, ಮ್ಯಾಟ್ ಅಂತ, ಹೊಡೆದ ತಿಂಗಳು, ಯಾವ ಯಾವ ಗೋಡೆ, ಎಲ್ಲಾ ಬರೆದೆ. ಅದೇ ಚೀಟಿಯ ಒಂದು ನಕಲನ್ನು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ.

ಹೊಸಬರು ಬಂದರು. ಗಂಡ, ಹೆಂಡತಿ, ಹೆಂಡತಿಯ ತಾಯಿ. ಸೋಫಾ ಕಡು ನೀಲಿ, ಪರದೆಗಳು ಇಟ್ಟಿಗೆ ಕೆಂಪು. ಎರಡನೇ ರಟ್ಟನ್ನು ಆರಿಸಿದ್ದರೆ ಆ ಪರದೆಯ ಪಕ್ಕ ಏನಾಗುತ್ತಿತ್ತು ಅಂತ ನನಗೂ ತಂಗಿಗೂ ಗೊತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಐದು ತಿಂಗಳ ಮೇಲೆ ಆಕೆ ಫೋನ್ ಮಾಡಿದರು. ಬೀರು ಸರಿಸುವಾಗ ಗೋಡೆ ಕೆರೆದಿದೆ, ಒಂದು ಗೇಣು ಉದ್ದ. ದನಿಯಲ್ಲಿ ಸಂಕೋಚ ಇತ್ತು. "ಅಟ್ಟದ ಮೇಲೆ ಸಣ್ಣ ಡಬ್ಬ ಇದೆ ನೋಡಿ, ಪಕ್ಕದಲ್ಲೇ ಚಿಕ್ಕ ರೋಲರ್ ಇದೆ," ಅಂದೆ. "ಮೊದಲು ಚೆನ್ನಾಗಿ ಕಲಕಿ. ಕೆರೆದ ಜಾಗಕ್ಕೆ ತೆಳ್ಳಗೆ ಹಚ್ಚಿ, ಅಂಚಿನ ಕಡೆ ರೋಲರ್ ಹಗುರ ಮಾಡುತ್ತಾ ಬನ್ನಿ. ಹಸಿ ಇದ್ದಾಗ ಬೆಳ್ಳಗೆ ಕಾಣುತ್ತೆ, ಗಾಬರಿ ಆಗಬೇಡಿ."

ರಾತ್ರಿ ಒಂದು ಫೋಟೋ ಕಳಿಸಿದರು. ಬೀರು, ಅದರ ಪಕ್ಕ ಗೋಡೆ. ಫೋಟೋ ದೊಡ್ಡದು ಮಾಡಿ ಹುಡುಕಿದೆ. ತೇಪೆ ಎಲ್ಲಿ ಅಂತ ನಾನೇ ಕೇಳಬೇಕಾಯಿತು.